ರಥಬೀದಿಯ ಚಿನ್ನದಂಗಡಿ: ಚಿನ್ನ 916, ಕೆಲಸ ಹೇಗೆ?

ಉಡುಪಿ ರಥಬೀದಿಯ ಹತ್ತಿರ ಇರುವ ಸಣ್ಣ ಅಂಗಡಿ. ನಾಲ್ಕು ಜನ ಕೂತರೆ ಐದನೆಯವರು ಮೆಟ್ಟಿಲ ಮೇಲೆ. ಅತ್ತೆಯ ಕಾಲದ ಬಳೆ ಕೊಟ್ಟು ಮಗಳಿಗೆ ಕರಿಮಣಿ ಮಾಡಿಸಿದೆ.

ನಾನು ಸೊಸೈಟಿಯ ಚಿನ್ನದ ಸಾಲದ ಕೌಂಟರಿನಲ್ಲಿ ಇದ್ದವಳು. ಸರಾಫರು ಒರೆಗಲ್ಲಿಗೆ ತಿಕ್ಕುವುದನ್ನು ದಿನಾ ನೋಡಿ ನೋಡಿ, ಅಂಗಡಿಯವರ ಬಾಯಿಗಿಂತ ಕೈ ಮೇಲೆ ನನಗೆ ಕಣ್ಣು ಜಾಸ್ತಿ.

ಬಳೆಯ ಒಳಗೆ ಅರಗು ಇತ್ತು. ಬೇರೊಂದು ಕಡೆ ಅರಗಿಗೆ ಅಂತ ಸುಮ್ನೆ ಅಂದಾಜಿನಲ್ಲಿ ತೂಕ ಕಳೆದಿದ್ದರು. ಇಲ್ಲಿ ಮೊದಲು ಚಿನ್ನದ ಶುದ್ಧತೆ ನೋಡುವ ಮೆಷಿನ್‌ನಲ್ಲಿ ಇಟ್ಟರು. ಆಮೇಲೆ ಅವರೇ ಹೇಳಿದರು: "ಅಮ್ಮಾ, ಇದು ಮೇಲಿನ ಪದರ ಮಾತ್ರ ನೋಡುವುದು. ಕರಗಿಸಿದರೇ ಸರಿಯಾದ ಲೆಕ್ಕ." ನನ್ನೆದುರೇ ಬಳೆ ಕತ್ತರಿಸಿ, ಅರಗು ತೆಗೆದು, ಕರಗಿಸಿ, ಆ ಗಟ್ಟಿಯನ್ನು ಮತ್ತೆ ಮೆಷಿನ್‌ಗೆ ಇಟ್ಟರು. ಬೆಸುಗೆಯೂ ಸೇರಿದ್ದರಿಂದ ಎರಡನೇ ಸಲ ಸ್ವಲ್ಪ ಕಡಿಮೆ ಬಂತು. ಬೇಜಾರೇನೂ ಆಗಲಿಲ್ಲ, ಕಣ್ಣಾರೆ ನೋಡಿದ್ದೇನಲ್ಲ.

ಹೊಸ ಕರಿಮಣಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916, ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಗಳ ನಂಬರ್ ಆದ ಎಚ್‌ಯುಐಡಿ, ಮೂರೂ ಉಂಟು. ಕೇಳುವ ಮೊದಲೇ ಭೂತಗನ್ನಡಿ ಕೈಗೆ ಕೊಟ್ಟರು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಸರಿಯಾಗಿತ್ತು. 2023ರ ಏಪ್ರಿಲ್‌ನಿಂದ ಈ ನಂಬರ್ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಬಿಲ್ಲಿನಲ್ಲಿ ಮಣಿಯ ತೂಕ ಬೇರೆ, ಚಿನ್ನದ ತೂಕ ಬೇರೆ. ಮಣಿಗೂ ಚಿನ್ನದ ರೇಟು ಹಾಕುವವರು ಇದ್ದಾರೆ, ನೋಡಿಕೊಳ್ಳಿ.

ಆದರೆ 916 ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಅಷ್ಟೇ. ಕೆಲಸ ನಯವೋ ಒರಟೋ ಅಂತ ಆ ಅಂಕಿ ಹೇಳುವುದಿಲ್ಲ. ಅದಕ್ಕೆ ನನ್ನದೇ ಪರೀಕ್ಷೆ ಒಂದುಂಟು: ಸರವನ್ನು ಹತ್ತಿ ಸೀರೆಯ ಸೆರಗಿನ ಮೇಲೆ ಮೆಲ್ಲ ಎಳೆಯುವುದು. ಕೊಂಡಿಯ ಹತ್ತಿರ ಒಂದು ಕಡೆ ನೂಲು ಸಿಕ್ಕಿಕೊಂಡಿತು. ತೋರಿಸಿದೆ. ಒಳಗಿದ್ದ ಆಚಾರಿಯವರು ಬಂದು, ಬೆರಳ ತುದಿಯಲ್ಲಿ ಸವರಿ ನೋಡಿ, ಅರ ಹಾಕಿ ಕೊಟ್ಟರು. ಮತ್ತೆ ಎಳೆದೆ, ಜಾರಿತು. ಮಣಿಗಳ ನಡುವಿನ ಗುಂಡುಗಳು ಮಾತ್ರ ಮೊದಲಿಂದಲೇ ಒಂದೇ ಅಳತೆ, ಒಂದೇ ಹೊಳಪು. ಆ ಕೈಗೆ ದುಡ್ಡು ಕೊಡಬಹುದು.

ಮಜೂರಿ ದುಬಾರಿಯೇ. ಚೌಕಾಸಿ ಮಾಡಿದರೆ ನಗುತ್ತಾರೆ, ಇಳಿಸುವುದಿಲ್ಲ. ಹೇಳಿದ ದಿನಕ್ಕೆ ಒಡವೆ ಆಗಿರಲೂ ಇಲ್ಲ. ಮದುವೆ ಇದ್ದರೆ ಬೇಗ ಆರ್ಡರ್ ಕೊಡಿ. ಕಾರು ದೂರ ನಿಲ್ಲಿಸಿ ನಡೆದು ಬನ್ನಿ ಮಾರಾಯ್ರೆ, ಅಲ್ಲಿ ಜಾಗ ಸಿಗುವುದಿಲ್ಲ.