ಲೈಬ್ರರಿಗೆ ಆರ್‌ಎಫ್‌ಐಡಿ ಗೇಟ್ ಹಾಕಿಸಿ ಒಂದು ವರ್ಷ

ರಾಯಚೂರಿನ ನಮ್ಮ ಕಾಲೇಜು ಲೈಬ್ರರಿಗೆ ಪುಸ್ತಕ ಕಳವು ತಡೆಯಲು ಕಳೆದ ವರ್ಷ ಆರ್‌ಎಫ್‌ಐಡಿ ಗೇಟ್, ಟ್ಯಾಗ್ ಎಲ್ಲ ಹಾಕಿಸಿದರು, ಅಂದರೆ ಪುಸ್ತಕಕ್ಕೆ ಅಂಟಿಸಿದ ಚಿಪ್ ಇರುವ ಚೀಟಿಯನ್ನು ಬಾಗಿಲಿನ ಗೇಟ್ ರೇಡಿಯೋ ತರಂಗದಿಂದ ಗುರುತಿಸುವ ವ್ಯವಸ್ಥೆ. ನಾನು ಕೌಂಟರ್‌ನಲ್ಲಿ ಕೂರುವವನು. ಬೇರೆ ಕಾಲೇಜಿನವರು ಹೇಗಿದೆ ಅಂತ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ ಬಿಡಿ. ಐದು ಸ್ಟಾರ್‌ಗೆ ಮೂರು ಕೊಡುತ್ತೇನೆ.

ಗೇಟ್ ಕೆಲಸ ಮಾಡುತ್ತದೆ, ಸುಳ್ಳು ಹೇಳಲ್ಲ. ಇಶ್ಯೂ ಮಾಡುವಾಗ ಪುಸ್ತಕದ ಟ್ಯಾಗ್‌ನಲ್ಲಿ ‘ಹೋಗಬಹುದು’ ಅಂತ ದಾಖಲಾಗುತ್ತದೆ, ಆಗದಿದ್ದರೆ ಗೇಟ್ ಕೂಗುತ್ತದೆ. ಆದರೆ ರಶ್ ಇದ್ದಾಗ ನಾವೇ ಪುಸ್ತಕವನ್ನು ಅದನ್ನು ದಾಖಲಿಸುವ ಪ್ಯಾಡ್ ಮೇಲೆ ಸರಿಯಾಗಿ ಇಡದೆ ಕೊಟ್ಟುಬಿಡುತ್ತೇವೆ. ಪಾಪ, ಎಂಟ್ರಿ ಮಾಡಿಸಿಕೊಂಡೇ ಹೊರಟ ಹುಡುಗಿ ಎಲ್ಲರ ಮುಂದೆ ಕಳ್ಳಿಯ ಹಾಗೆ ನಿಲ್ಲಬೇಕು. ದಿನಕ್ಕೆ ನಾಲ್ಕು ಸಲ ಸುಮ್ನೆ ಕೂಗಿದರೆ ಐದನೇ ಸಲ ವಾಚ್‌ಮನ್ ತಲೆ ಎತ್ತಿಯೂ ನೋಡಲ್ಲ.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕರೆಂಟು ಪಕ್ಕದಲ್ಲೇ ಹುಟ್ಟುತ್ತದೆ ಅಂತ ನಂಬಿ ಕೂರಬೇಡಿ, ಗೇಟ್‌ಗೆ ಬೇರೆ ಯುಪಿಎಸ್ ಬೇಕೇ ಬೇಕು. ನಮ್ಮ ಕೊಟೇಶನ್‌ನಲ್ಲಿ ಅದು ಇರಲೇ ಇಲ್ಲ.

ನನಗೆ ಇಷ್ಟವಾಗಿದ್ದು ಕೈಯಲ್ಲಿ ಹಿಡಿದು ಓಡಾಡುತ್ತಾ ಟ್ಯಾಗ್ ಓದುವ ರೀಡರ್. ಮೊದಲು ಸ್ಟಾಕ್ ವೆರಿಫಿಕೇಶನ್ ಅಂದರೆ ಬೇಸಿಗೆ ರಜೆ ಪೂರ್ತಿ ಹೋಗುತ್ತಿತ್ತು, ಒಬ್ಬರು ಅಕ್ಸೆಷನ್ ನಂಬರ್ (ಪ್ರತಿ ಪುಸ್ತಕಕ್ಕೂ ಲೈಬ್ರರಿ ಕೊಡುವ ಕ್ರಮಸಂಖ್ಯೆ) ಕೂಗೋದು, ಇನ್ನೊಬ್ಬರು ರಿಜಿಸ್ಟರ್‌ನಲ್ಲಿ ಟಿಕ್ ಹಾಕೋದು. ಈಗ ಒಂದು ವಾರದಲ್ಲಿ ಮುಗಿಯುತ್ತದೆ. ಒಂದೇ ತೊಂದರೆ, ಈ 13.56 ಮೆಗಾಹರ್ಟ್ಸ್ ಟ್ಯಾಗ್‌ಗಳಿಗೂ ಲೋಹಕ್ಕೂ ಆಗಿಬರಲ್ಲ. ಸ್ಟೀಲ್ ರ‍್ಯಾಕಿನ ತುದಿಯಲ್ಲಿ ತಗಡಿಗೆ ಒರಗಿದ್ದ ಪುಸ್ತಕ ನನ್ನ ಕಣ್ಣೆದುರೇ ಇತ್ತು, ರೀಡರ್ ಮಾತ್ರ ‘ಇಲ್ಲ’ ಅಂದಿತು! ಸಾಲಿನ ತುದಿಗೆ ದಪ್ಪ ರಟ್ಟು ಇಟ್ಟ ಮೇಲೆ ಸರಿಹೋಯಿತು.

ಎಣಿಸಿದಾಗ ನಿಜ ಹೊರಬಿತ್ತು. ಕಳೆದಿದ್ದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ಜಾಸ್ತಿ, ಆ ರ‍್ಯಾಕ್ ಇರುವುದು ಕಿಟಕಿ ಪಕ್ಕ. ಏಪ್ರಿಲ್ ಬಿಸಿಲಿಗೆ ಕಿಟಕಿ ಮುಚ್ಚೋಕಾಗಲ್ಲ ಅಲ್ವಾ, ಸರಳಿನ ಸಂದಿಯಲ್ಲಿ ಗೈಡ್ ಆರಾಮಾಗಿ ತೂರುತ್ತದೆ. ಮಾಲಿ ಒಂದು ದಿನ ಬೇವಿನ ಮರದ ಕೆಳಗಿಂದ ನಮ್ಮ ಸೀಲ್ ಇರುವ ಪುಸ್ತಕ ತಂದುಕೊಟ್ಟಾಗಲೇ ನನಗೆ ತಲೆಗೆ ಹೊಳೆದಿದ್ದು.

ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮದಲ್ಲೇ, ವರ್ಷದಲ್ಲಿ ಓದಲು ಕೊಟ್ಟ 1000 ಪುಸ್ತಕಕ್ಕೆ 5 ಕಳೆದರೆ ಸಹಜ ಅಂತ ಒಪ್ಪುತ್ತಾರೆ, ಕಳ್ಳತನವೋ ಅಸಡ್ಡೆಯೋ ಆಗಿರಬಾರದು ಅಷ್ಟೇ. 1000 ರೂಪಾಯಿಗಿಂತ ಹೆಚ್ಚು ಬೆಲೆಯದು ಅಥವಾ ಅಪರೂಪದ್ದು ಹೋದರೆ ಮಾತ್ರ ವಿಚಾರಣೆ ಆಗಲೇಬೇಕು.

ನಮ್ಮಲ್ಲಿ ಹಾಗೆ ಹೋಗಿದ್ದು ಹಳೇ ಜಿಲ್ಲಾ ಗೆಜೆಟಿಯರ್, ಅಂದರೆ ಜಿಲ್ಲೆಯ ಮಾಹಿತಿ ಇರುವ ಸರ್ಕಾರಿ ಗ್ರಂಥ. ಹೋಗಿದೆ ಅಂತಲೂ ಹೇಳೋ ಹಾಗಿಲ್ಲ. ಟ್ಯಾಗ್ ಇದೆ, ರೀಡರ್ ಪ್ರಕಾರ ಪುಸ್ತಕ ಇದೆ. ತೆರೆದರೆ ನಕ್ಷೆಯ ಹಾಳೆ ಇಲ್ಲ, ಹೊಲಿಗೆಯ ಪಕ್ಕದಲ್ಲೇ ಬ್ಲೇಡ್ ಹಾಕಿ ನೀಟಾಗಿ ಕೊಯ್ದಿದ್ದಾರೆ, ಅಂಚಿನಲ್ಲಿ ಒಂದು ನೂಲೆಳೆಯಷ್ಟು ಕಾಗದ ಉಳಿದಿದೆ. ಇದನ್ನು ಯಾವ ಗೇಟ್ ಹಿಡಿಯುತ್ತದೆ ಹೇಳಿ? ಈಗ ಅಂಥ ಪುಸ್ತಕಗಳನ್ನು ಬೀರುವಿನಲ್ಲಿಟ್ಟಿದ್ದೇವೆ. ಕೇಳಿದವರು ಐಡಿ ಕಾರ್ಡ್ ಕೊಟ್ಟು ನನ್ನ ಮುಂದಿನ ಟೇಬಲ್‌ನಲ್ಲೇ ಓದಬೇಕು, ಕೊಡುವಾಗೊಮ್ಮೆ ವಾಪಸ್ ತಗೊಳ್ಳುವಾಗೊಮ್ಮೆ ನಕ್ಷೆ, ಫೋಟೋ ಎಣಿಸುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ.

ಮೊನ್ನೆ ಕಂಪನಿಯವರು ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮುಂದುವರಿಸಿ ಅಂತ ಫೋನ್ ಮಾಡಿದ್ದರು. ರೀಡರ್‌ಗೆ ಮಾತ್ರ ಮಾಡಿಸುತ್ತೇವೆ ಅಂದೆ, ಹಾಗೆ ಬರಲ್ಲವಂತೆ. ಕಿಟಕಿಗೆ ಜಾಲರಿ ಹಾಕಲು ವೆಲ್ಡಿಂಗ್ ಅಂಗಡಿಯವರು ನಾಳೆ ಅಳತೆ ತಗೊಳ್ಳೋಕೆ ಬರುತ್ತಾರೆ.