ಹಳೇ ಮ್ಯಾಸ್ಸಿ 35ಕ್ಕೆ ಯಾವ ಹುಕ್? ತೂತಿನ ಪಟ್ಟಿ, ಸ್ವಿಂಗಿಂಗ್ ಡ್ರಾಬಾರ್, ಹುಕ್ ಪ್ಲೇಟ್ ಹೋಲಿಕೆ

ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಮ್ಯಾಸ್ಸಿ ಫರ್ಗ್ಯೂಸನ್ 35, ಮಹೀಂದ್ರ ಬಿ-275, ಎಚ್‌ಎಂಟಿ ಜೆಟರ್ 2511 ಇನ್ನೂ ಕೊಟ್ಟಿಗೆ ಪಕ್ಕ ನಿಂತಿರುತ್ತವೆ. ಎಂಜಿನ್ ಕೆಲಸ ಮಾಡಿಸಿದರೆ ಮತ್ತೆ ದುಡಿಯುತ್ತವೆ. ಆದರೆ ಹಿಂದೆ ಬಗ್ಗಿ ನೋಡಿ: ಮೂಲದ ಡ್ರಾಬಾರ್ (ಟ್ರೈಲರ್ ಕಟ್ಟುವ ಬಾರ್) ಯಾವತ್ತೋ ಗುಜರಿಗೆ ಹೋಗಿರುತ್ತೆ, ಅದರ ಜಾಗದಲ್ಲಿ ಕಬ್ಬಿನ ಟ್ರೈಲರ್‌ಗೆ ಅಂತ ಯಾರೋ ವೆಲ್ಡ್ ಮಾಡಿದ ಚಾನೆಲ್ ತುಂಡು ನೇತಾಡುತ್ತಿರುತ್ತೆ. ಅದನ್ನು ಕಿತ್ತು ಸರಿಯಾದದ್ದು ಹಾಕಲು ಮೂರು ದಾರಿ ಇವೆ. ಹೈಡ್ರಾಲಿಕ್ ಎತ್ತುವ, ನೇಗಿಲು ಕಟ್ಟುವ ಕೆಳಗಿನ ತೋಳುಗಳಾದ ಎರಡೂ ಲೋಯರ್ ಲಿಂಕ್‌ಗಳ ನಡುವೆ ಕೂರುವ ತೂತಿನ ಪಟ್ಟಿ ಒಂದು. ಹೌಸಿಂಗ್ (ಹಿಂದಿನ ಗೇರು, ಆಕ್ಸಲ್ ಇರುವ ಪೆಟ್ಟಿಗೆ) ಅಡಿಯಿಂದ ಬರುವ ಸ್ವಿಂಗಿಂಗ್ ಡ್ರಾಬಾರ್ ಇನ್ನೊಂದು. ಹೌಸಿಂಗ್ ಹಿಂಭಾಗಕ್ಕೇ ಬೋಲ್ಟ್ ಆಗುವ ಹುಕ್ ಪ್ಲೇಟ್ ಮೂರನೆಯದು. ಮೂರನ್ನೂ ಒಂದೇ ಮ್ಯಾಸ್ಸಿ 35ಕ್ಕೆ ಕಟ್ಟಿ, ಎರಡು ಚಕ್ರದ ಟ್ರೈಲರನ್ನೂ ನಾಲ್ಕು ಚಕ್ರದ ಟ್ರೈಲರನ್ನೂ ಎಳೆಸಿ ನೋಡಿದ ಮೇಲೆ ಬರೆದದ್ದು ಇದು.

ಲೇತ್ ಅಂಗಡಿಗೆ ಹೋದರೆ ಮೊದಲು ಬರುವ ಮಾತು "ಎಷ್ಟು ದಪ್ಪದ್ದು ಹಾಕೋಣ?" ಅನ್ನೋದು. ದಪ್ಪ ಆಮೇಲೆ ನೋಡಬಹುದು. ಮೊದಲು ಕೇಳಬೇಕಾದ್ದು ಎರಡು: ಟ್ರೈಲರ್ ಸಿಕ್ಕಿಸುವ ಪಿನ್ ನೆಲದಿಂದ ಎಷ್ಟು ಎತ್ತರದಲ್ಲಿದೆ, ಹಿಂದಿನ ಆಕ್ಸಲ್ ನಡುವಿನಿಂದ ಎಷ್ಟು ಹಿಂದಿದೆ. ಎಳೆತದ ಬಲ ಎತ್ತರಕ್ಕೆ ತಕ್ಕಂತೆ ಮುಂದಿನ ಚಕ್ರದ ಭಾರ ಕಳೆಯುತ್ತೆ. ಟ್ರೈಲರಿನ ಮೂಕಿ (ಮುಂದಕ್ಕೆ ಚಾಚಿದ ದಂಡ) ಮೇಲೆ ಕೂರುವ ಭಾರ ದೂರಕ್ಕೆ ತಕ್ಕಂತೆ ಕಳೆಯುತ್ತೆ.

ಲೆಕ್ಕ ಹಾಕಿ ನೋಡಿ. ಮ್ಯಾಸ್ಸಿ 35ರ ಮುಂದಿನ, ಹಿಂದಿನ ಆಕ್ಸಲ್ ನಡುವಿನ ದೂರ 183 ಸೆಂ.ಮೀ. ಮುಂದಿನ ಚಕ್ರಗಳ ಮೇಲೆ 500 ಕೆ.ಜಿ. ಇದೆ ಅಂತಿಟ್ಟುಕೊಳ್ಳಿ. ಒಟ್ಟು 6 ಟನ್ ತೂಗುವ ಟ್ರೈಲರನ್ನು 10 ಅಡಿಗೆ 1 ಅಡಿ ಏರುವ ನಾಲೆ ಏರಿಯ ರ‍್ಯಾಂಪ್ ಹತ್ತಿಸಲು ಸುಮಾರು 800 ಕೆ.ಜಿ. ಎಳೆತ ಬೇಕು. ಎರಡು ಚಕ್ರದ ಟ್ರೈಲರ್ ಆದರೆ ಮೂಕಿ ಮೇಲೆ 500 ಕೆ.ಜಿ. ಕೂರುವುದು ಸಾಮಾನ್ಯ.

ತೂತಿನ ಪಟ್ಟಿ ನೆಲದಿಂದ 60 ಸೆಂ.ಮೀ. ಎತ್ತರ, ಆಕ್ಸಲ್‌ನಿಂದ 78 ಸೆಂ.ಮೀ. ಹಿಂದೆ ಇದ್ದರೆ ಎಳೆತಕ್ಕೆ 262 (800×60÷183), ಮೂಕಿ ಭಾರಕ್ಕೆ 213 (500×78÷183), ಒಟ್ಟು 475 ಕೆ.ಜಿ. ಹೋಯಿತು. ಉಳಿದದ್ದು 25. ಏರಿನಲ್ಲಿ ಟ್ರ್ಯಾಕ್ಟರಿನ ಸ್ವಂತ ತೂಕವೂ ಹಿಂದಕ್ಕೆ ಸರಿದು ಇನ್ನೊಂದು 50 ಕೆ.ಜಿ. ಆಸುಪಾಸು ಕಳೆಯುತ್ತೆ. ಅಲ್ಲಿಗೆ ಮುಂದಿನ ಚಕ್ರ ನೆಲ ಬಿಡುತ್ತೆ, ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಹುಕ್ ಪ್ಲೇಟಿನ ಪಿನ್ 50 ಸೆಂ.ಮೀ. ಎತ್ತರ, 40 ಸೆಂ.ಮೀ. ಹಿಂದೆ ಇದ್ದರೆ ಹೋಗುವುದು 328, ಉಳಿಯುವುದು 172. ಸ್ವಿಂಗಿಂಗ್ ಡ್ರಾಬಾರ್ 40 ಸೆಂ.ಮೀ. ಎತ್ತರ, 60 ಸೆಂ.ಮೀ. ಹಿಂದೆ ಇದ್ದರೆ ಹೋಗುವುದು 339, ಉಳಿಯುವುದು 161. ಕಬ್ಬಿಣ ಮೂರರಲ್ಲೂ ಅದೇ, ಟ್ರ್ಯಾಕ್ಟರೂ ಅದೇ. ಜಾಗ ಮಾತ್ರ ಬೇರೆ.

ತೂತಿನ ಪಟ್ಟಿ

ಇದು ಅಗ್ಗ, ಹತ್ತು ನಿಮಿಷದಲ್ಲಿ ಕೂರುತ್ತೆ, ಹೌಸಿಂಗ್‌ನ ಒಂದು ಬೋಲ್ಟನ್ನೂ ಮುಟ್ಟಬೇಕಿಲ್ಲ. ಅದಕ್ಕೇ ಜನ ಮೊದಲು ಇದನ್ನೇ ಕೊಳ್ಳುವುದು. ಮ್ಯಾಸ್ಸಿ 35ರದ್ದು ಕೆಟಗರಿ 1, ಅಂದರೆ ಸಣ್ಣ ಟ್ರ್ಯಾಕ್ಟರಿನ ಅಳತೆಯ ಲಿಂಕ್: ಎರಡು ತುದಿಯ ಗುಬಟುಗಳ ನಡುವೆ 683 ಮಿ.ಮೀ., ತುದಿಯ ಪಿನ್ 22 ಮಿ.ಮೀ., ಲಿಂಚ್ ಪಿನ್ನಿನ (ಕಳಚದಂತೆ ತಡೆಯುವ ಸಣ್ಣ ಪಿನ್) ತೂತು 12 ಮಿ.ಮೀ. ದೊಡ್ಡ ಟ್ರ್ಯಾಕ್ಟರಿನ ಕೆಟಗರಿ 2 ಪಟ್ಟಿಯನ್ನು ತಂದು ತುದಿ ಸಣ್ಣ ಮಾಡಿಸಿ ತೂರಿಸಬೇಡಿ. ಅದರ ಅಗಲವೇ ಹೆಚ್ಚು, ಲಿಂಕ್‌ಗಳು ಹೊರಕ್ಕೆ ಬಾಗಿ ಟೈರಿಗೆ ಉಜ್ಜುತ್ತವೆ.

ಇದರ ದೋಷ ಇರುವುದು ಹೈಡ್ರಾಲಿಕ್‌ನ ಸ್ವಭಾವದಲ್ಲೇ. ಹೈಡ್ರಾಲಿಕ್ ಲಿಂಕನ್ನು ಮೇಲೆತ್ತಬಲ್ಲದು, ಕೆಳಕ್ಕೆ ಒತ್ತಿ ಹಿಡಿಯಲಾರದು. ಇಳಿಜಾರಿನಲ್ಲಿ ಟ್ರೈಲರ್ ಹಿಂದಿನಿಂದ ನೂಕಿದಾಗ ಪಟ್ಟಿ ಮೇಲಕ್ಕೆ ಜಾರುತ್ತೆ. ಹಳೇ ಗಾಡಿಯಲ್ಲಿ ಸೀಲ್ ಸವೆದಿದ್ದರೆ ಭಾರ ಬಿದ್ದ ಹತ್ತೇ ನಿಮಿಷಕ್ಕೆ ನಿಧಾನವಾಗಿ ಇಳಿಯುತ್ತೆ. ಜೊತೆಗೆ ಪಟ್ಟಿಯ ತುದಿ ದುಂಡಗಿರುವುದರಿಂದ ಲಿಂಕಿನ ಬಾಲ್ ಒಳಗೆ ಇಡೀ ಪಟ್ಟಿ ಮಗುಚಿಕೊಳ್ಳುತ್ತೆ. ಪಿನ್ ವಾಲಿ, ಲಿಂಚ್ ಪಿನ್ ಉದುರಿ, ಟ್ರೈಲರ್ ಕಳಚಿಕೊಳ್ಳುವುದು ಇಲ್ಲೇ.

ಇದಕ್ಕೆ ಮದ್ದು ಸ್ಟೇ. ಪಟ್ಟಿಯ ಎರಡೂ ಬದಿಯಿಂದ ಮೇಲೆ ಬಂದು ಟಾಪ್ ಲಿಂಕ್ (ಮೇಲಿನ ತೋಳು) ಕೂರುವ ಪಿನ್ನಿಗೆ ಸೇರುವ ಎರಡು ಚಪ್ಪಟೆ ಪಟ್ಟಿಗಳು ಅವು. ಹಾಕಿದ ಮೇಲೆ ಪಟ್ಟಿ ಮೇಲೂ ಹೋಗದು, ಕೆಳಗೂ ಬಾರದು, ಮಗುಚದು. ಆಮೇಲೆ ಹೈಡ್ರಾಲಿಕ್ ಲಿವರ್ ಪೂರ್ತಿ ಕೆಳಗಿರಬೇಕು. ಸ್ಟೇ ಹಾಕಿಟ್ಟು ಲಿವರ್ ಎತ್ತಿದರೆ ಪಂಪು ಸ್ಟೇಗಳ ವಿರುದ್ಧವೇ ಒತ್ತಿ ಲಿಫ್ಟ್ ಆರ್ಮ್ ಬಾಗುತ್ತೆ. ಲಿಂಕ್ ಅಕ್ಕಪಕ್ಕ ಆಡದಂತೆ ಹಿಡಿಯುವ ಚೆಕ್ ಚೈನ್ ಎರಡೂ ಬದಿ ಬಿಗಿಯಾಗಿರಲಿ, ಪಟ್ಟಿ ಅಕ್ಕಪಕ್ಕ ಎರಡು ಬೆರಳಿಗಿಂತ ಹೆಚ್ಚು ಆಡಬಾರದು.

ಸ್ಟೇ ಹಾಕಿದರೂ ಆಕ್ಸಲ್‌ನಿಂದ ದೂರ ಕಡಿಮೆಯಾಗುವುದಿಲ್ಲ. ಗದ್ದೆಯಲ್ಲಿ ಮಟ್ಟ ಹೊಡೆಯುವ ಹಲಗೆ, ಖಾಲಿ ಟ್ರೈಲರ್, ಹೊಂಗೆ ದಿಮ್ಮಿ ಇಷ್ಟಕ್ಕೆ ಸೈ. ತುಂಬಿದ ಎರಡು ಚಕ್ರದ ಟ್ರೈಲರ್‌ಗೆ ಇದು ಬೇಡವೇ ಬೇಡ. ಟಾಪ್ ಲಿಂಕ್ ಜಾಗಕ್ಕೆ ಸರಪಳಿ ಕಟ್ಟಿ ಎಳೆಯುವವರೂ ಇದ್ದಾರೆ. ಆ ಎತ್ತರದಿಂದ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ, ಇಳಿಯಲೂ ಸಮಯ ಸಿಗುವುದಿಲ್ಲ.

ಸ್ವಿಂಗಿಂಗ್ ಡ್ರಾಬಾರ್

ಹೌಸಿಂಗ್ ಅಡಿಯಲ್ಲಿ ಮುಂದೆ ಒಂದು ಪಿನ್, ಹಿಂದೆ ಬಿಲ್ಲಿನಾಕಾರದ ಆಧಾರ. ಆ ಆಧಾರದ ಮೇಲೆ ಬಾರ್ ಅಕ್ಕಪಕ್ಕ ಸರಿಯುತ್ತೆ, ಬೇಕಾದರೆ ಪಿನ್ ಹಾಕಿ ನಡುವೆ ನಿಲ್ಲಿಸಬಹುದು. ಎಳೆತ ಮೂರರಲ್ಲೇ ತಗ್ಗಾದ ಜಾಗದಿಂದ ಹುಟ್ಟುತ್ತೆ, ಅದೇ ಇದರ ಸುಖ. ನಾಲ್ಕು ಚಕ್ರದ ಟ್ರೈಲರಿಗೆ ಮುಂದೆಯೇ ಆಕ್ಸಲ್ ಇರುವುದರಿಂದ ಮೂಕಿ ಭಾರ ಬೀಳುವುದಿಲ್ಲ. ಆಗ ಮುಂದಿನ ಚಕ್ರ ಕಳೆದುಕೊಳ್ಳುವುದು 175 ಕೆ.ಜಿ. ಮಾತ್ರ.

ಬಾರ್ ಯಾವುದಿರಲಿ ಅನ್ನುವುದು ಇಲ್ಲಿ ಮುಖ್ಯ. ಬಜಾರಿನಲ್ಲಿ ಸುಲಭವಾಗಿ ಸಿಗುವುದು 75×25 ಮಿ.ಮೀ. ಫ್ಲಾಟ್, ಮೀಟರಿಗೆ ಹೆಚ್ಚುಕಮ್ಮಿ 15 ಕೆ.ಜಿ. ತೂಗುತ್ತೆ. ಆಧಾರದಿಂದ ಹೊರಗೆ 30 ಸೆಂ.ಮೀ. ಚಾಚಿದ ಈ ಬಾರಿನ ತುದಿಗೆ 500 ಕೆ.ಜಿ. ಮೂಕಿ ಭಾರ ಬಿದ್ದರೆ ಕಬ್ಬಿಣದಲ್ಲಿ 190 ಮೆಗಾಪಾಸ್ಕಲ್ ಒತ್ತಡ ಹುಟ್ಟುತ್ತೆ. ಮೈಲ್ಡ್ ಸ್ಟೀಲ್ ಬಾಗದೆ ತಡೆಯುವುದು 250ರವರೆಗೆ. ನಿಂತಲ್ಲಿ ಸರಿ. ಒಂದು ಗುಂಡಿಗೆ ಚಕ್ರ ಇಳಿದು ಎದ್ದರೆ ಭಾರ ಎರಡರಷ್ಟಾಗುತ್ತೆ, ಬಾರ್ ಬಾಗಿಯೇ ಬಿಡುತ್ತೆ. ಬಾಗಿದ್ದನ್ನು ಕಾಯಿಸಿ ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಮುಂದಿನ ಸಲ ಬೇಗ ಬಾಗುತ್ತೆ. 75×32 ತೆಗೆದುಕೊಂಡರೆ ಅದೇ ಭಾರಕ್ಕೆ ಒತ್ತಡ 117ಕ್ಕೆ ಇಳಿಯುತ್ತೆ. ಏಳು ಮಿ.ಮೀ. ದಪ್ಪಕ್ಕೆ ಇಷ್ಟು ಲಾಭ, ಮೀಟರಿಗೆ 4 ಕೆ.ಜಿ. ಕಬ್ಬಿಣ ಹೆಚ್ಚು ಕೊಂಡರೆ ನಷ್ಟವೇನಿಲ್ಲ.

ಎಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟ್‌ನಿಂದ ತಿರುಗುವ, ಹಿಂದೆ ಎಳೆದೊಯ್ಯುವ ಯಂತ್ರ ಕಟ್ಟುವುದಾದರೆ ಬಾರಿನ ತೂತು ಪಿಟಿಒ ತುದಿಯಿಂದ 356 ಮಿ.ಮೀ. ಹಿಂದೆ ಇರಬೇಕು. 540 ಆರ್‌ಪಿಎಂ ಪಿಟಿಒಗೆ ಅದೇ ಅಳತೆ. ಹತ್ತಿರವಾದರೆ ತಿರುವಿನಲ್ಲಿ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ಮುರಿಯುತ್ತೆ. ಬರೀ ಟ್ರೈಲರಿಗಾದರೆ ಅಷ್ಟು ಉದ್ದ ಬೇಡ, ಬಾರನ್ನು ಒಳಗಿನ ತೂತಿಗೆ ಸರಿಸಿಕೊಳ್ಳಿ.

ರಸ್ತೆಯಲ್ಲಿ ನಡುವಿನ ಪಿನ್ ಹಾಕಿಯೇ ಓಡಿಸಬೇಕು. ಬಿಟ್ಟರೆ ಟ್ರೈಲರ್ ಬಾಲ ಆಡಿಸುತ್ತೆ. ಗದ್ದೆ ಹೊಲದಲ್ಲಿ ಎಳೆಯುವ ಸಾಮಾನಿಗೆ ಪಿನ್ ತೆಗೆದರೆ ತಿರುವು ಹಗುರ.

ಹುಕ್ ಪ್ಲೇಟ್

ಕಬ್ಬು ಹೊರುವ ಎರಡು ಚಕ್ರದ ಟ್ರೈಲರಿಗೆ ನಮ್ಮ ಆಯ್ಕೆ ಇದೇ. ಭಾರ ನೇರವಾಗಿ ಹೌಸಿಂಗಿಗೆ ಇಳಿಯುತ್ತೆ, ಆಕ್ಸಲಿಗೆ ಹತ್ತಿರ. 20 ಮಿ.ಮೀ. ಪ್ಲೇಟು, ಅದಕ್ಕೆ ಎರಡು ದವಡೆಯ ಹುಕ್, 28 ಮಿ.ಮೀ. ಇಎನ್8 (ಮೈಲ್ಡ್ ಸ್ಟೀಲಿಗಿಂತ ಗಟ್ಟಿಯಾದ ಉಕ್ಕು) ಪಿನ್. ದವಡೆಗಳ ನಡುವಿನ ಬಾಯಿ ಟ್ರೈಲರಿನ ಕಣ್ಣಿನ (ಮೂಕಿ ತುದಿಯ ಬಳೆ) ದಪ್ಪದ ಎರಡರಷ್ಟಾದರೂ ಅಗಲ ಇರಲಿ. ಬಿಗಿ ಬಾಯಿ ಚೆನ್ನಾಗಿ ಕಾಣುತ್ತೆ, ಸದ್ದೂ ಮಾಡಲ್ಲ. ಆದರೆ ಬದು ದಾಟುವಾಗ ಟ್ರೈಲರಿನ ಕಣ್ಣು ಹಾರೆಯಂತೆ ಮೀಟಿ ದವಡೆಯನ್ನೇ ತೆರೆಯುತ್ತೆ, ಇಲ್ಲವೇ ಬೋಲ್ಟ್ ಕಡಿಯುತ್ತೆ.

ಮೇಲೆ ತೆರೆದ ಕೊಕ್ಕೆ ಬೇಡ. ಎತ್ತಿನ ಗಾಡಿಗೆ ಕಬ್ಬು ಹೇರುವವರು ಮುಂಭಾರ, ಹಿಂಭಾರ ನೋಡಿ ಹೇರುತ್ತಾರಲ್ಲ, ಟ್ರೈಲರಿಗೂ ಅದೇ ಲೆಕ್ಕ. ಹಿಂಭಾರ ಆದರೆ, ಅಥವಾ ಟಿಪ್ಪರ್ ಎತ್ತಿದಾಗ, ಮೂಕಿ ಮೇಲಕ್ಕೆ ಎಗರುತ್ತೆ. ಪಿನ್ ತೂರಿಸಿ ಅಡಿಯಲ್ಲಿ ಲಿಂಚ್ ಪಿನ್ ಹಾಕಿದ ಮುಚ್ಚಿದ ಬಾಯಿ ಮಾತ್ರ ಇದನ್ನು ತಡೆಯುತ್ತೆ.

ಇದರ ಕೊರತೆ ಟೈರು. 28 ಇಂಚು ರಿಮ್ಮಿನ ಹಿಂದಿನ ಟೈರಿನ ತ್ರಿಜ್ಯ 62 ಸೆಂ.ಮೀ. ಹತ್ತಿರ. ಪಿನ್ 40 ಸೆಂ.ಮೀ.ನಲ್ಲಿದ್ದರೆ ಟೈರು ಪಿನ್ನನ್ನು ದಾಟಿ ಒಂದು ಗೇಣು ಹಿಂದಕ್ಕೆ ಬಂದಿರುತ್ತೆ. ಮೂಕಿ ಅಗಲವಾಗಿದ್ದರೆ ಪೂರ್ತಿ ತಿರುಗಿಸಿದಾಗ ಟೈರಿನ ಗುಬಟಿಗೆ ಬಡಿದು ರಬ್ಬರ್ ಹರಿಯುತ್ತೆ. ಖಾಲಿ ಟ್ರೈಲರ್ ಕಟ್ಟಿ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ನಡುವೆ ನಾಲ್ಕು ಬೆರಳು ಜಾಗ ಇಲ್ಲದಿದ್ದರೆ ಟ್ರೈಲರಿನ ಮೂಕಿಯನ್ನು ಉದ್ದ ಮಾಡಿಸಬೇಕು. ಹುಕ್ಕನ್ನು ಹಿಂದಕ್ಕೆ ಚಾಚಿಸಿದರೆ ಗಳಿಸಿದ್ದೆಲ್ಲ ಹೋಯಿತು.

ಕೂರಿಸುವಾಗ

ಸ್ವಿಂಗಿಂಗ್ ಡ್ರಾಬಾರ್, ಹುಕ್ ಪ್ಲೇಟ್ ಎರಡಕ್ಕೂ ಈ ಕೆಲಸ ಒಂದೇ, ಹಳೇ ಗಾಡಿ ಕೆಡುವುದೂ ಇಲ್ಲಿಯೇ. ಹೌಸಿಂಗ್ ಬೀಡು, ಅಂದರೆ ಎರಕದ ಕಬ್ಬಿಣ. ಅದಕ್ಕೆ ವೆಲ್ಡಿಂಗ್ ಹಾಕಬೇಡಿ. ಹೊಲಿಗೆ ಪಕ್ಕದಲ್ಲಿ ಬೀಡು ಗಾಜಿನಂತೆ ಗಡುಸಾಗಿ ಕೂದಲೆಳೆಯ ಬಿರುಕು ಬಿಡುತ್ತೆ, ಆಮೇಲೆ ಆಯಿಲ್ ಜಿನುಗುತ್ತೆ. ಮೊದಲು ಡೀಸೆಲ್ ಹಾಕಿ ತಿಕ್ಕಿ, ಪೇಂಟು ಗ್ರೀಸು ಪೂರ್ತಿ ತೆಗೆದು, ಬೋಲ್ಟ್ ಕೂರುವ ಮುಖ ಬರೀ ಬೀಡು ಕಾಣುವಷ್ಟು ಚೊಕ್ಕ ಮಾಡಿ. ಪೇಂಟಿನ ಮೇಲೆ ಬಿಗಿದ ಪ್ಲೇಟು ಪೇಂಟು ಪುಡಿಯಾದ ದಿನ ಸಡಿಲಾಗುತ್ತೆ.

ಆಮೇಲೆ ಬೋಲ್ಟಿನ ಮರೆಯನ್ನು (ತಿರುಪಿನ ಸುತ್ತು) ಗುರುತಿಸಿ. ಮ್ಯಾಸ್ಸಿ 35ರದ್ದು ಇಂಚಿನ ಮರೆ, ಜೆಟರ್‌ದು ಮೆಟ್ರಿಕ್. 5/8 ಇಂಚು ಬೋಲ್ಟಿನ ದಪ್ಪ 15.9 ಮಿ.ಮೀ., ಎಂ16ರದ್ದು 16 ಮಿ.ಮೀ., ಕಣ್ಣಿಗೆ ಎರಡೂ ಒಂದೇ. ಒರಟು ಮರೆಯ 5/8ರಲ್ಲಿ ಇಂಚಿಗೆ 11 ಸುತ್ತು, ಎಂ16ರಲ್ಲಿ 12.7. ಎಂ16 ಬೋಲ್ಟ್ ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಮೂರನೆಯದಕ್ಕೆ ಹಿಡಿಯುತ್ತೆ. ಅಲ್ಲಿ ಪೈಪು ಹಾಕಿ ತಿರುಗಿಸಿದರೆ ಬೀಡಿನ ಮರೆ ಪುಡಿಪುಡಿಯಾಗಿ ಬರುತ್ತೆ. ಯಾವ ಬೋಲ್ಟಾದರೂ ತಳ ಮುಟ್ಟುವವರೆಗೆ ಬರಿಗೈಯಲ್ಲೇ ಹೋಗಬೇಕು. ಹೋಗದಿದ್ದರೆ ಅದು ಆ ತೂತಿನ ಬೋಲ್ಟಲ್ಲ.

ತೂತಿನ ಆಳವನ್ನು ತಂತಿ ಹಾಕಿ ಅಳೆಯಿರಿ. ಬೀಡಿನೊಳಗೆ ಬೋಲ್ಟ್ ದಪ್ಪದ ಒಂದೂವರೆಯಷ್ಟು, ಅಂದರೆ 24 ಮಿ.ಮೀ. ಮರೆ ಹಿಡಿಯಬೇಕು. ಉದ್ದ ಹೆಚ್ಚಾದರೆ ತಳಕ್ಕೆ ಒದ್ದು ನಿಲ್ಲುತ್ತೆ. ಸ್ಪ್ಯಾನರಿಗೆ ಬಿಗಿ ಅನಿಸಿದರೂ ಪ್ಲೇಟು ಸಡಿಲವೇ. ತೂತು ಆಯಿಲ್ ಇರುವ ಕಡೆಗೆ ತೂರಿದ್ದರೆ ಮರೆಗೆ ಸೀಲಂಟ್ ಹಚ್ಚಿ.

ಬೋಲ್ಟ್ ತಲೆ ಮೇಲೆ ಬಲದ ದರ್ಜೆ ತೋರುವ 8.8 ಗುರುತು, ಇಂಚಿನದಾದರೆ ಮೂರು ಗೆರೆ ಇರಲಿ. ಎಲ್ಲವನ್ನೂ ಕೈಯಲ್ಲಿ ಕೂರಿಸಿ, ಎದುರುಬದುರಾಗಿ ಬಿಗಿಯುತ್ತಾ ಬನ್ನಿ. ಈ ದಪ್ಪಕ್ಕೆ 200 ನ್ಯೂಟನ್ ಮೀಟರ್ ಸಾಕು: ಎರಡಡಿ ಉದ್ದದ ಹಿಡಿಯ ತುದಿಗೆ ಸುಮಾರು 33 ಕೆ.ಜಿ. ಒತ್ತಿದಷ್ಟು. ಬಿಗಿದ ಮೇಲೆ ತಲೆಯಿಂದ ಪ್ಲೇಟಿಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಹತ್ತು ಗಂಟೆ ಕೆಲಸದ ನಂತರ ಮತ್ತೆ ಸ್ಪ್ಯಾನರ್ ಹಾಕಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ ಎಂದರ್ಥ. ಪ್ಲೇಟಿನ ಅಂಚಿನಲ್ಲಿ ಕೆಂಪು ಪುಡಿ ಕಂಡರೆ ಗೆರೆ ನೆಟ್ಟಗಿದ್ದರೂ ಬಿಚ್ಚಿ ನೋಡಿ: ಪ್ಲೇಟು ಒಳಗೇ ಉಜ್ಜುತ್ತಿದೆ.

ಪಿನ್ನನ್ನು ವಾರಕ್ಕೊಮ್ಮೆ ಹೊರತೆಗೆದು ಬೆರಳಾಡಿಸಿ. 28 ಮಿ.ಮೀ. ಪಿನ್ನಿನ ನಡುವೆ ಉಗುರು ಸಿಕ್ಕುವಷ್ಟು ಮೆಟ್ಟಿಲು ಬಿದ್ದಿದ್ದರೆ ಕಾಲು ಸುತ್ತು ತಿರುಗಿಸಿ ಹಾಕಿ, ಸವೆತ 3 ಮಿ.ಮೀ. ದಾಟಿದರೆ ಬದಲಿಸಿ. ಲಿಂಚ್ ಪಿನ್ನಿನ ಜಾಗಕ್ಕೆ ಮೊಳೆ ಬಗ್ಗಿಸಿ ಹಾಕಬೇಡಿ. ಟ್ರೈಲರಿನಿಂದ ಬರುವ ಸುರಕ್ಷೆ ಸರಪಳಿಯನ್ನು ಲೋಯರ್ ಲಿಂಕಿಗಲ್ಲ, ಹೌಸಿಂಗಿನ ಪ್ಲೇಟಿಗೆ ಕಟ್ಟಿ, ಪೂರ್ತಿ ತಿರುವಿಗೆ ಸಾಲುವಷ್ಟು ಮಾತ್ರ ಸಡಿಲ ಬಿಟ್ಟು.