ಪವನಾ ಹಿನ್ನೀರಿಗೆ ಐಸ್ ಫಿಶಿಂಗ್ ಟೆಂಟ್ ಒಯ್ಯಬೇಡಿ

ಮುಂಬೈ, ಠಾಣೆ, ಪುಣೆ ಕಡೆ ಇದ್ದು ಗಾಳ ಹಾಕುವ ಹುಚ್ಚು ಇರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಳಿಗಾಲ ಬಂತೆಂದರೆ ಆನ್‌ಲೈನ್‌ನಲ್ಲಿ 'ವಿಂಟರ್ ಫಿಶಿಂಗ್ ಟೆಂಟ್, ನಾಲ್ಕು ಜನಕ್ಕೆ, ಎರಡೇ ನಿಮಿಷದಲ್ಲಿ ರೆಡಿ' ಎಂದು ಒಂದು ಸಾಮಾನು ಕಾಣಿಸಿಕೊಳ್ಳುತ್ತದೆ. ಕೆಂಪು-ಕಪ್ಪು ಬಣ್ಣ, ಚೌಕಾಕಾರ, ದಪ್ಪ ಗೋಡೆ. ನೋಡಲು ಭರ್ಜರಿ. ಆದರೆ ಅದು ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರಿಗಾಗಿ ಮಾಡಿದ ಟೆಂಟು. ಮಿನ್ನೆಸೋಟದಲ್ಲಿ, ಕೆನಡಾದಲ್ಲಿ, ಫಿನ್‌ಲ್ಯಾಂಡಿನಲ್ಲಿ ಅದಕ್ಕೆ ಕೆಲಸ ಇದೆ. ಪವನಾ ದಂಡೆಯಲ್ಲಿ ಅದು ನಮ್ಮ ಜೀವಕ್ಕೇ ಬಂದಿತ್ತು.

ನಾವು ಡೊಂಬಿವಲಿಯ ಕೆಲವು ಗೆಳೆಯರು. ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. ಹೊಳೆ, ಗಾಳ, ಎರೆಹುಳ ಎಲ್ಲ ಚಿಕ್ಕಂದಿನಿಂದಲೇ ಗೊತ್ತು. ಚಳಿಗಾಲದಲ್ಲಿ ಶನಿವಾರ ಸಂಜೆ ಲೋಣಾವಳಾ ದಾಟಿ ಪವನಾ ಅಣೆಕಟ್ಟಿನ ಹಿನ್ನೀರಿಗೆ ಹೋಗಿ ರಾತ್ರಿ ಉಳಿಯುವುದು ನಮ್ಮ ರೂಢಿ. ಅಲ್ಲಿನ ಬಾಡಿಗೆ ಟೆಂಟುಗಳಲ್ಲಿ ರಾತ್ರಿಯಿಡೀ ಲೌಡ್‌ಸ್ಪೀಕರ್ ಗಲಾಟೆ. ಮೀನಿರಲಿ, ನಿದ್ದೆಯೂ ಹತ್ತಿರ ಬರುವುದಿಲ್ಲ. ಹಾಗಾಗಿ ಸ್ವಂತದ್ದೊಂದು ಟೆಂಟು ತೆಗೆದುಕೊಳ್ಳೋಣ ಎಂದು ನಮ್ಮಲ್ಲಿ ಹಿರಿಯರಾದ, ಹೋಟೆಲ್ ನಡೆಸುವ ದೊಡ್ಡಣ್ಣ ಮುಂದೆ ಬಂದರು. ಎಲ್ಲರೂ ದುಡ್ಡು ಹಾಕಿದೆವು.

ದೊಡ್ಡಣ್ಣ ವ್ಯವಹಾರದ ಮನುಷ್ಯ. ಕೇಳದೆ ಏನನ್ನೂ ಕೊಳ್ಳುವವರಲ್ಲ. ಮಾರುವವನಿಗೆ ಚಾಟ್‌ನಲ್ಲಿ ನೇರವಾಗಿಯೇ ಕೇಳಿದ್ದರು: ಕೆರೆ ದಂಡೆಯಲ್ಲಿ ಮಣ್ಣಿನ ಮೇಲೆ ಹಾಕಬಹುದಾ? ಮಳೆ ಬಂದರೆ ತಡೆಯುತ್ತದಾ? ನಾಲ್ಕು ಜನ ಮಲಗಬಹುದಾ? ಮೂರಕ್ಕೂ 'ಬಿಲ್ಕುಲ್ ಸರ್' ಎಂಬ ಉತ್ತರವೇ ಬಂತು. 'ಆಲ್ ಸೀಸನ್ ಹೈ ಸರ್' ಎಂದು ಬೇರೆ ಸೇರಿಸಿದ್ದ. ಆ ಚಾಟ್‌ನ ಸ್ಕ್ರೀನ್‌ಶಾಟ್ ದೊಡ್ಡಣ್ಣನ ಫೋನಿನಲ್ಲಿ ಇತ್ತು. ಮುಂದೆ ಉಪಯೋಗಕ್ಕೆ ಬಂದದ್ದು ಅದೊಂದೇ.

ಪವನಾ ತಲುಪಿ ಚೀಲ ಬಿಚ್ಚಿದೆವು. ಹದಿನೈದು ಕಿಲೋ ಹತ್ತಿರ ತೂಕ. ನಿಲ್ಲಿಸುವುದು ಮಾತ್ರ ನಿಜಕ್ಕೂ ಸುಲಭ. ಇದನ್ನು ಹಬ್ ಟೆಂಟ್ ಅನ್ನುತ್ತಾರೆ. ಪ್ರತಿ ಗೋಡೆಯ ನಡುವೆ ಒಂದು ಗುಂಬ, ಅಂದರೆ ಕೋಲುಗಳು ಸೇರುವ ಗಂಟು, ಅಲ್ಲಿಂದ ನಾಲ್ಕು ಮೂಲೆಗೆ ಫೈಬರ್‌ಗ್ಲಾಸ್ ಕೋಲುಗಳು. ಹೊರಗಿನಿಂದ ಪಟ್ಟಿ ಹಿಡಿದು ಜಗ್ಗಿದರೆ ಗೋಡೆ ಟಪ್ ಎಂದು ಉಬ್ಬಿ ನಿಲ್ಲುತ್ತದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ಒಳಗೆ ಹೋಗಿ ನೋಡಿದರೆ ನೆಲವೇ ಇಲ್ಲ.

ನೆಲ ಕೊಡುವುದನ್ನು ಅವರು ಮರೆತದ್ದಲ್ಲ. ಆ ಟೆಂಟಿಗೆ ನೆಲ ಇರಲೇಬಾರದು. ಅಲ್ಲಿನವರು ಟೆಂಟಿನ ಒಳಗೇ ಆರರಿಂದ ಹತ್ತು ಇಂಚು ಅಗಲದ ತೂತು ಕೊರೆದು, ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತು ಗಾಳ ಇಳಿಬಿಡುತ್ತಾರೆ. ನೆಲದ ಬಟ್ಟೆ ಇದ್ದರೆ ತೂತು ಎಲ್ಲಿ ಕೊರೆಯುವುದು? 'ನಾಲ್ಕು ಜನ' ಎಂಬ ಲೆಕ್ಕವೂ ಹೀಗೆ ಬಕೆಟ್ ಮೇಲೆ ಕೂರುವವರದ್ದು, ಮಲಗುವವರದ್ದಲ್ಲ. ನಮ್ಮದು ಆರು ಅಡಿ ಉದ್ದ, ಆರು ಅಡಿ ಅಗಲ. ಅದರಲ್ಲಿ ನಾಲ್ಕು ಗಂಡಸರು ಮಲಗುವುದು ಹೇಗೆ, ನೀವೇ ಹೇಳಿ. ಟಾರ್ಪಾಲು ಹಾಸಿದೆವು. ಗೋಡೆಗೂ ಟಾರ್ಪಾಲಿಗೂ ನಡುವೆ ಸಂದು ಉಳಿಯಿತು. ಮಾವಳ ಅನ್ನುವ ಆ ಸೀಮೆಯ ಹುಲ್ಲಿನಲ್ಲಿ ಹಾವು, ಚೇಳು ಎರಡೂ ಇವೆ. ಆ ಸಂದು ನೋಡಿಯೇ ಒಬ್ಬ ಕಾರಿನಲ್ಲಿ ಮಲಗುತ್ತೇನೆ ಎಂದು ಹೋದ. ಬುದ್ಧಿವಂತ.

ಇನ್ನು ಗೂಟ. ಚೀಲದಲ್ಲಿ ಬಂದದ್ದು ದಪ್ಪ ಸ್ಕ್ರೂ ಥರದ ಮೊಳೆಗಳು. ಅವು ಐಸ್ ಆ್ಯಂಕರ್. ತಿರುಗಿಸುತ್ತ ಹೋದರೆ ಮಂಜುಗಡ್ಡೆಯೊಳಗೆ ಕಚ್ಚಿ ಕೂರುತ್ತವೆ. ಮಂಜುಗಡ್ಡೆಯ ಮೇಲೆ ಮನುಷ್ಯರು ನಡೆಯಬೇಕಾದರೇ ಕನಿಷ್ಠ 4 ಇಂಚು ದಪ್ಪದ ಗಟ್ಟಿ ಹೊಸ ಗಡ್ಡೆ ಇರಬೇಕು ಎಂದು ಮಿನ್ನೆಸೋಟ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಅಂಥ ಗಡ್ಡೆಯನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿದ ಸ್ಕ್ರೂ ಅದು. ನಮ್ಮ ಮುರುಮ್ ಎಂಬ ಗರಸು ಮಣ್ಣಿನಲ್ಲಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಕಲ್ಲು ಸಿಗುತ್ತದೆ. ಪಕ್ಕದ ಸಡಿಲ ಮಣ್ಣಿನಲ್ಲಿ ಕೈಯಿಂದ ಎಳೆದರೆ ಬಂದುಬಿಡುತ್ತದೆ. ಟೆಂಟಿನ ಬುಡದಲ್ಲಿ ಸುತ್ತಲೂ ಒಂದು ಅಗಲದ ಬಟ್ಟೆಯ ಅಂಚು ಇದೆ. ಅದರ ಮೇಲೆ ಹಿಮ ಗುಡ್ಡೆ ಹಾಕಿ ಗಾಳಿ ತಡೆಯಬೇಕಂತೆ. ಹಿಮ ಎಲ್ಲಿಂದ ತರೋಣ? ಕಲ್ಲು ಹೇರಿದೆವು. ಆಗ ಅದು ಒಳ್ಳೆಯ ಉಪಾಯ ಅನ್ನಿಸಿತು. ಆ ಕಲ್ಲಿನ ವಿಷಯ ಮುಂದೆ ಬರುತ್ತದೆ.

ಹತ್ತು ಗಂಟೆಯ ಮೇಲೆ ತುಂಗ್ ಕೋಟೆಯ ಕಡೆಯಿಂದ ಗಾಳಿ ಎದ್ದಿತು. ನಮ್ಮ ಸಾಮಾನ್ಯ ಟೆಂಟುಗಳು ಗುಮ್ಮಟದ ಹಾಗೆ ತಗ್ಗಾಗಿ ಇರುತ್ತವೆ, ಗಾಳಿ ಮೇಲಿಂದ ಜಾರಿ ಹೋಗುತ್ತದೆ. ಇದು ಆಳೆತ್ತರದ ನೇರ ಗೋಡೆ. ಗಾಳಿ ಪೂರ್ತಿ ಎದುರಿಗೇ ಬಡಿಯಿತು. ಒಂದು ಗೋಡೆ ಒಳಕ್ಕೆ ಮಡಚಿತು, ಗುಂಬದ ಹತ್ತಿರ ಕೋಲು ಸೀಳಿತು. ಹಗ್ಗ ತಂದು ಕಾರಿನ ಬಂಪರಿಗೆ ಕಟ್ಟಿದೆವು. ಆಮೇಲೆ ಅಕಾಲದ ಮಳೆ. ಇಲ್ಲಿಯವರು ಅವಕಾಳಿ ಅನ್ನುತ್ತಾರಲ್ಲ, ಅದೇ. ಜೋರಾಗಿಯೇನೂ ಇರಲಿಲ್ಲ. ಆದರೆ ಒಣ ಹಿಮ ಬಟ್ಟೆಯ ಮೇಲೆ ಬಿದ್ದರೆ ಕೊಡವಿದರೆ ಹೋಗುತ್ತದೆ, ಮಳೆ ಹಾಗಲ್ಲ. ಈ ಟೆಂಟಿನ ಹೊಲಿಗೆಗಳಿಗೆ ಒಳಗಿನಿಂದ ಟೇಪ್ ಇರಲಿಲ್ಲ. ಸೂಜಿ ತೂತಿನಿಂದ ನೀರು ಒಸರಿತು. ಎರಡು ಪದರದ ನಡುವಿನ ಹತ್ತಿಯಂಥ ತುಂಬು ನೀರು ಕುಡಿದು ರಜಾಯಿ ನೆನೆದ ಹಾಗೆ ಭಾರವಾಯಿತು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ದುಡ್ಡು ಹೋಯಿತು ಎಂದು ಸುಮ್ನೆ ಇರುತ್ತಿದ್ದೆವು.

ಮಳೆಗೆ ಎಲ್ಲರೂ ನೆನೆದು ನಡುಗುತ್ತಿದ್ದೆವು. ಮೀನು ಸುಟ್ಟ ಸಿಗಡಿಯಲ್ಲಿ, ಅಂದರೆ ಇದ್ದಿಲ ಒಲೆಯಲ್ಲಿ, ಕೆಂಡ ಇನ್ನೂ ಕೆಂಪಗಿತ್ತು. ನಮ್ಮಲ್ಲಿ ಚಿಕ್ಕವನು ಅದನ್ನು ಎತ್ತಿ ಟೆಂಟಿನೊಳಗೆ ಇಟ್ಟ. ಹೊಗೆ ಇಲ್ಲವಲ್ಲ, ಏನಾಗುತ್ತದೆ ಎಂದ. ಯಾರಿಗೂ ಬೇಡ ಅನ್ನಿಸಲಿಲ್ಲ. ಮಳೆ ಎರಚಲು ಬರುತ್ತದೆಂದು ಝಿಪ್ ಪೂರ್ತಿ ಎಳೆದೆವು, ಮೇಲಿನ ಗಾಳಿಕಿಂಡಿಗಳನ್ನೂ ಮುಚ್ಚಿದೆವು. ಬುಡದಲ್ಲಿ ಕಲ್ಲು ಹೇರಿದ್ದರಿಂದ ಕೆಳಗಿನಿಂದಲೂ ಗಾಳಿ ಇಲ್ಲ. ದಪ್ಪ ಗೋಡೆ ಬೇರೆ. ಒಳಗೆ ಬೆಚ್ಚಗಾಯಿತು, ಆಹಾ ಎಂದೆವು.

ಸ್ವಲ್ಪ ಹೊತ್ತಿಗೆ ಒಬ್ಬನಿಗೆ ತಲೆನೋವು. ಇನ್ನೊಬ್ಬನಿಗೆ ಹೊಟ್ಟೆ ತೊಳಸುವುದು. ಕುಡಿದದ್ದು ಜಾಸ್ತಿಯಾಗಿದೆ ಎಂದು ನಕ್ಕರು. ಆದರೆ ದೊಡ್ಡಣ್ಣ ಕುಡಿಯುವವರೇ ಅಲ್ಲ. ಅವರೂ ಹಣೆ ಒತ್ತಿಕೊಳ್ಳುತ್ತಿದ್ದರು. ಕಾರಿನಲ್ಲಿ ಮಲಗಿದ್ದವನು, ನೆನಪಿದೆಯಲ್ಲ, ಅವನು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು. ನೀರಿನ ಬಾಟಲಿಗೆಂದು ಬಂದು ಝಿಪ್ ತೆಗೆದ. ಸಿಗಡಿ ಕಂಡದ್ದೇ ತಡ, ಬೈಯುತ್ತಲೇ ಒಬ್ಬೊಬ್ಬರನ್ನೂ ಹೊರಗೆ ಎಳೆದ. ಚಿಕ್ಕವನಿಗೆ ಎದ್ದು ನಿಲ್ಲಲು ಆಗಲಿಲ್ಲ. ಕಾಲು ಸೋತುಹೋಗಿತ್ತು. ಆ ರಾತ್ರಿಯೇ ತಳೇಗಾಂವ್‌ಗೆ ಕರೆದುಕೊಂಡು ಹೋಗಿ ಆಕ್ಸಿಜನ್ ಕೊಡಿಸಬೇಕಾಯಿತು. ಈಗ ಆರಾಮಾಗಿದ್ದಾನೆ.

ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ನಿಂತ ಮೇಲೂ ಕೆಂಡದಿಂದ ಅದು ಬರುತ್ತಲೇ ಇರುತ್ತದೆ, ಆದ್ದರಿಂದ ಹೊಗೆ ಇಲ್ಲ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ರಕ್ತದಲ್ಲಿನ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ದೇಹಕ್ಕೆ ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಮಲಗಿದ್ದರೆ ಗೊತ್ತೇ ಆಗುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಹೋಗಿದ್ದ ಕೇರಳದ 8 ಪ್ರವಾಸಿಗರು ರೆಸಾರ್ಟ್ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿ ತೀರಿಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. ಮುಂಬೈ-ಪುಣೆಯ ಬಚ್ಚಲುಗಳಲ್ಲಿ ಗ್ಯಾಸ್ ಗೀಸರ್‌ನಿಂದ ಆಗುವ ಸಾವುಗಳನ್ನು ನೀವೂ ಪೇಪರಿನಲ್ಲಿ ಓದಿಯೇ ಇರುತ್ತೀರಿ. ಅದರ ಹಿಂದೆ ಇರುವುದೂ ಇದೇ ಅನಿಲ.

ಹಾಗಾದರೆ ಅಲ್ಲಿನವರು ಟೆಂಟಿನೊಳಗೆ ಹೀಟರ್ ಇಡುವುದಿಲ್ಲವೇ? ಇಡುತ್ತಾರೆ. ಆದರೆ ಅದು ಪ್ರೊಪೇನ್ ಹೀಟರ್. ಆಮ್ಲಜನಕ ಕಡಿಮೆಯಾದರೆ ತಾನಾಗಿ ಆರಿಹೋಗುವ ಸಾಧನ ಅದರಲ್ಲಿ ಇರುತ್ತದೆ. ಮೇಲೊಂದು ಕೆಳಗೊಂದು ಗಾಳಿಕಿಂಡಿ ತೆರೆದೇ ಇಡಿ, ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ತೂಗುಹಾಕಿ ಎಂದು ಅಲ್ಲಿನ ಬಲ್ಲವರು ಹೇಳುತ್ತಲೇ ಇರುತ್ತಾರೆ. ಅಷ್ಟಾದರೂ ಅಲ್ಲಿ ಜನ ಸತ್ತಿದ್ದಾರೆ. ನಮಗೆ ಬಂದ ಡಬ್ಬಿಯಲ್ಲಿ ಈ ಎಚ್ಚರಿಕೆಯ ಒಂದು ಚೀಟಿಯೂ ಇರಲಿಲ್ಲ. ಅಮೆರಿಕದ ಅನೇಕ ಟೆಂಟುಗಳ ಮೇಲೆ ಬೆಂಕಿಯ ಬಗ್ಗೆ ಸಿಪಿಎಐ-84 ಎಂಬ ಗುರುತು ಇರುತ್ತದೆ. ಬಟ್ಟೆ ಬೇಗ ಹೊತ್ತಿಕೊಳ್ಳುವುದಿಲ್ಲ ಎಂದಷ್ಟೇ ಅದರ ಅರ್ಥ, ಸುಡುವುದೇ ಇಲ್ಲ ಎಂದಲ್ಲ. ನಮ್ಮದರಲ್ಲಿ ಅದೂ ಇರಲಿಲ್ಲ.

ಯಾವ ಟೆಂಟೇ ಇರಲಿ, ಒಳಗೆ ಸಿಗಡಿ, ಸ್ಟವ್, ಗ್ಯಾಸ್ ಹೀಟರ್ ಯಾವುದೂ ಬೇಡ. ಅರ್ಧ ಗಂಟೆಗೂ ಬೇಡ. ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ, ಎಲ್ಲರನ್ನೂ ಹೊರಗೆ ತನ್ನಿ. ಆಮೇಲೆ 108ಕ್ಕೆ ಫೋನ್ ಮಾಡಿ. ಹೊರಗೆ ಬಂದ ಮೇಲೆ ಸರಿಹೋಯಿತು ಅನ್ನಿಸಿದರೂ ಆಸ್ಪತ್ರೆಗೆ ಹೋಗಿ.

ದುಡ್ಡಿನ ಕತೆ. ಮಾರುವವನು ಮೊದಲು 'ಬಳಸಿದ ಮಾಲು ವಾಪಸ್ ಇಲ್ಲ' ಎಂದ. ಆಮೇಲೆ 'ಕೋಲು ಮುರಿದದ್ದು ನಿಮ್ಮಿಂದ' ಎಂದ. ಆಮೇಲೆ ಉತ್ತರವೇ ಇಲ್ಲ. ದೊಡ್ಡಣ್ಣ ಬಿಡಲಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಗೆ ಒಬ್ಬ ದೂರು ಅಧಿಕಾರಿ ಇರಬೇಕು. ಅವರು 48 ಗಂಟೆಯಲ್ಲಿ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸಾಮಾನು ಯಾವ ದೇಶದ್ದು ಎಂಬುದನ್ನೂ ತೋರಿಸಬೇಕು. ನಾವು ಕೊಂಡ ಪುಟದಲ್ಲಿ ಆ ವಿವರವೇ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದರು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಚಾಟ್‌ನ 'ಬಿಲ್ಕುಲ್ ಸರ್' ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಅರ್ಧ ದುಡ್ಡು ಬಂತು. ಉಳಿದರ್ಧಕ್ಕೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದು ಅವರು ಈಗಲೂ ಹೇಳುತ್ತಿದ್ದಾರೆ. 2019ರ ಕಾಯ್ದೆ ಬಂದ ಮೇಲೆ ನಾವು ಇರುವ ಊರಿನಲ್ಲೇ ದೂರು ಕೊಡಬಹುದು, ಮಾರುವವನ ಊರಿಗೆ ಅಲೆಯಬೇಕಿಲ್ಲ. ಹೋಗೇ ಹೋಗುತ್ತಾರೆ, ನನಗೆ ಅವರು ಗೊತ್ತು.

ಟೆಂಟು ಬೇಕೇ ಬೇಕು ಅನ್ನುವವರು ಮೊದಲು ನೆಲ ನೋಡಿ. ಗೋಡೆಗೆ ಸೇರಿಸಿ ಹೊಲಿದ, ಅಂಚು ಸ್ವಲ್ಪ ಮೇಲಕ್ಕೆ ಎದ್ದ ನೆಲ ಇರಬೇಕು. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎಂದು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ, ಸಹ್ಯಾದ್ರಿಯ ಮಳೆಗೆ 3000ದ ಆಸುಪಾಸು ಇರಲಿ. ಹೊಲಿಗೆಗೆ ಟೇಪ್ ಹಾಕಿದ್ದಾರಾ ಎಂದು ಕೇಳಿ. ಎರಡು ಪದರ ಇದ್ದರೆ ಉಸಿರಿನ ತೇವ ಒಳಗೆ ಹನಿಯುವುದು ಕಡಿಮೆ. ನಾಲ್ಕು ಜನರದ್ದು ಅಂದರೆ ಮೂವರದ್ದು ಎಂದುಕೊಳ್ಳಿ. ಗೂಟ ಮಾತ್ರ ಬೇರೆ ಕೊಳ್ಳಿ: ಕಬ್ಬಿಣದ ಉದ್ದ ಮೊಳೆಯಂಥದ್ದು, ಸುತ್ತಿಗೆಯಿಂದ ಹೊಡೆದರೆ ಮುರುಮ್‌ನಲ್ಲೂ ಇಳಿಯುತ್ತದೆ. ಬರೀ ಹಗಲು ಗಾಳ ಹಾಕುವುದಾದರೆ ಟೆಂಟು ಯಾಕೆ? ಒಂದು ಟಾರ್ಪಾಲು, ನಾಲ್ಕು ಕೋಲು ಸಾಕಲ್ವಾ. ನೀರಿನ ಅಂಚಿಗೇ ಟೆಂಟು ಹಾಕಬೇಡಿ, ಅದು ಜಲಾಶಯ, ಮಟ್ಟ ಏರಿಳಿಯುತ್ತದೆ. ಗಾಳ ಹಾಕುವ ಮುಂಚೆ ಅಲ್ಲಿನ ಮೀನುಗಾರರನ್ನು ಕೇಳಿ. ಆ ನೀರಿನ ಮೇಲೆ ಅವರ ಹೊಟ್ಟೆಪಾಡು ಇದೆ.

ನಮಗೆ ಮಾರಿದವನು ಅದೇ ಟೆಂಟನ್ನು ಈಗ 'ಫ್ಯಾಮಿಲಿ ಕ್ಯಾಂಪಿಂಗ್ ಹೌಸ್' ಎಂದು ಮಾರುತ್ತಿದ್ದಾನೆ. ಚಿತ್ರದಲ್ಲಿದ್ದ ಹಿಮ ತೆಗೆದು ಹಸಿರು ಹುಲ್ಲು ಅಂಟಿಸಿದ್ದಾನೆ. ಆದರೆ ಗುರುತು ಸಿಗುತ್ತದೆ. ಗೋಡೆಗಳ ನಡುವೆ ಉಬ್ಬಿದ ಗುಂಬ, ಅದಕ್ಕೆ ನೇತಾಡುವ ಜಗ್ಗುಪಟ್ಟಿ, ಬುಡದಲ್ಲಿ ನೆಲಕ್ಕೆ ಹರಡಿದ ಅಂಚು, ಒಳಗಿನ ಒಂದು ಫೋಟೊವೂ ಇಲ್ಲದಿರುವುದು. ಇಷ್ಟು ಕಂಡರೆ 'ನೆಲದ ಫೋಟೊ ಕಳಿಸಿ' ಎಂದು ಕೇಳಿ ನೋಡಿ. ಮೊನ್ನೆ ದೊಡ್ಡಣ್ಣ ಬೇರೆ ನಂಬರಿನಿಂದ ಕೇಳಿದ್ದರು. 'ನೆಲ ಎಕ್ಸ್‌ಟ್ರಾ ಚಾರ್ಜ್ ಸರ್' ಎಂದು ಉತ್ತರ ಬಂತು.